ಗಾಳಿಗಣ್ಣು

ಗಡಿಗೆ ಚೂರಾದದ್ದು ಮೊದಲು ಕಣ್ಣಿಗೆ ಕಂಡಿತು. ಸಪ್ಪಳ ಸುಮಾರು ಮೂರು ಸೆಕೆಂಡು ತಡವಾಗಿ ಬಂತು. ಪಾಳುಬಿದ್ದ ಕಲ್ಲುಗಣಿಯ ಆಚೆ ದಂಡೆಯಲ್ಲಿ, ಒಂಬೈನೂರ ಇಪ್ಪತ್ತು ಮೀಟರು ದೂರದಲ್ಲಿ, ಸುಣ್ಣ ಬಳಿದು ಇಟ್ಟಿದ್ದ ಹನ್ನೆರಡು ಗಡಿಗೆಗಳಲ್ಲಿ ಅದೇ ಕೊನೆಯದು. ಹನ್ನೆರಡು ಗುಂಡಿಗೆ ಹನ್ನೆರಡೂ ಒಡೆದಿದ್ದವು. ಡಾ. ನೀಲಾಂಬಿಕಾ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದಳು. ನಲವತ್ತಾರು ವರ್ಷದ ವಿಜ್ಞಾನಿ ಚಪ್ಪಾಳೆ ತಟ್ಟಿ ಕುಣಿಯುವುದು ಚೆನ್ನಾಗಿ ಕಾಣುವುದಿಲ್ಲವಲ್ಲ.

"ಭೇಷ್ ದಾವಲಸಾಬರ! ಒಂದೂ ತಪ್ಪಲಿಲ್ಲ ನೋಡ್ರಿ."

ಬಂದೂಕಿನ ಹಿಂದೆ ಮಲಗಿದ್ದ ದಾವಲಸಾಬ ಎದ್ದು ಕುಳಿತು ಮೀಸೆಯ ಧೂಳು ಕೊಡವಿಕೊಂಡ. ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಗುರಿಕಾರನಾಗಿ ದುಡಿದವನು. "ಹೊಡದದ್ದು ನಾ ಅಲ್ಲ ಬಿಡ್ರಿ ಮೇಡಮ್ಮಾರ. ನಾ ಬರೇ ಹೂಂ ಅಂದೆ. ಹೊಡದದ್ದೆಲ್ಲ ಅದು," ಎಂದು ಬಂದೂಕಿನ ಮೇಲಿನ ದುರ್ಬೀನಿನ ಕಡೆ ಗದ್ದ ತೋರಿಸಿದ.

ಗುಂಡು ನೆಟ್ಟಗೆ ಹೋಗುತ್ತದೆ ಎಂಬುದು ಬಂದೂಕು ಹಿಡಿಯದವರ ನಂಬಿಕೆ. ನಳಿಗೆ ಬಿಟ್ಟ ಗಳಿಗೆಯಿಂದಲೇ ಭೂಮಿ ಅದನ್ನು ಕೆಳಗೆ ಎಳೆಯತೊಡಗುತ್ತದೆ. ಒಂಬೈನೂರು ಮೀಟರು ಮುಟ್ಟಲು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಮೂರಂತಸ್ತಿನ ಮನೆಯಷ್ಟು ಇಳಿದಿರುತ್ತದೆ. ಅದಕ್ಕೇ ಹಿಂದಿನ ದುರ್ಬೀನುಗಳಿಗೆ ಎರಡು ತಿರುಪುಗಳಿದ್ದವು, ನೆತ್ತಿಯ ಮೇಲಿನದು ಇಳಿತಕ್ಕೆ, ಪಕ್ಕದ್ದು ಗಾಳಿಗೆ. ಇಳಿತದ ಲೆಕ್ಕವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಗಾಳಿಯದು ಹಾಗಲ್ಲ. ಇಲ್ಲಿ ಒಂದು ಥರ, ನಡುವಿನ ಕೊಳ್ಳದಲ್ಲಿ ಇನ್ನೊಂದು ಥರ, ಗುರಿಯ ಹತ್ತಿರ ಮತ್ತೊಂದು ಥರ ಬೀಸುತ್ತದೆ. ಬಲ್ಲವರು ಬಿಸಿಲ್ಗುದುರೆ ಯಾವ ಕಡೆ ವಾಲಿದೆ, ಜೋಳದ ತೆನೆ ಎತ್ತ ಬಾಗಿದೆ ಎಂದು ನೋಡಿ ಅಂದಾಜು ಕಟ್ಟುತ್ತಿದ್ದರು. ದಾವಲಸಾಬನಂತೂ ಜೋಳದ ಹೊಟ್ಟು ತುಂಬಿದ ಚೀಲವೊಂದನ್ನು ಬಂದೂಕಿನ ಬುಡಕ್ಕೆ ದಿಂಬಾಗಿ ಇಡುತ್ತಿದ್ದ. ಹೊಡೆಯುವ ಮುಂಚೆ ಅದರಿಂದ ಒಂದು ಚಿಟಿಕೆ ತೆಗೆದು ಗಾಳಿಗೆ ಬಿಟ್ಟು, ಅದು ತೇಲುವುದನ್ನು ನೋಡುತ್ತಿದ್ದ.

ನೀಲಾಂಬಿಕಾ ಕಟ್ಟಿದ ಹೊಸ ದುರ್ಬೀನು ಗಾಳಿಗಣ್ಣು ಈ ಅಂದಾಜಿನ ಕೆಲಸವನ್ನೇ ತೆಗೆದುಹಾಕಿತ್ತು. ಅದು ಕಣ್ಣಿಗೆ ಕಾಣದ ಬೆಳಕನ್ನು ಗುರಿಯ ಕಡೆಗೆ ಬಿಡುತ್ತದೆ. ಗಾಳಿಯಲ್ಲಿ ತೇಲುವ ಧೂಳಿನ ಕಣಗಳಿಗೆ ತಾಗಿ ಹಿಂದಿರುಗುವ ಬೆಳಕಿನ ಬಣ್ಣ, ಕಣ ಓಡುವ ವೇಗಕ್ಕೆ ತಕ್ಕಂತೆ ಕೂದಲೆಳೆಯಷ್ಟು ಬದಲಾಗಿರುತ್ತದೆ. ಅದರಿಂದ ದಾರಿಯುದ್ದಕ್ಕೂ ನಲವತ್ತು ಕಡೆ ಗಾಳಿ ಎಷ್ಟಿದೆ ಎಂದು ಅದು ಲೆಕ್ಕ ಹಾಕುತ್ತದೆ. ಗುರಿಕಾರನು ಮೃಗವನ್ನು ತೋರಿಸಿ ಟ್ರಿಗರ್ ಒಮ್ಮೆ ಒತ್ತಿದರೆ ಸಾಕು. ಬಂದೂಕು ಕೂರಿಸಿದ ಮೋಟಾರಿನ ಮುಕ್ಕಾಲಿ ಗುರಿಯನ್ನು ತಾನೇ ಹಿಂಬಾಲಿಸುತ್ತ, ಎರಡು ಬೀಸುಗಳ ನಡುವೆ ಗಾಳಿ ತಣ್ಣಗಾಗುವುದನ್ನು ಕಾಯುತ್ತದೆ, ಕಾದು ಹಾರಿಸುತ್ತದೆ. ಎರಡು ನಿಮಿಷದೊಳಗೆ ಅಂಥ ಗಳಿಗೆ ಸಿಗದಿದ್ದರೆ ಮಾತ್ರ ಸುಮ್ಮನಾಗುತ್ತದೆ.

ನಡುವೆ ಬೇಡವೆನಿಸಿದರೆ? ಬೇಡವೆನಿಸುವ ಹಾಗಿಲ್ಲ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಗುರಿ ತಪ್ಪಿದ ಹನ್ನೊಂದು ಗುಂಡುಗಳಲ್ಲಿ ಒಂಬತ್ತು, ಕೊನೆ ಗಳಿಗೆಯಲ್ಲಿ ಬೆರಳು ಅಳುಕಿದ್ದರಿಂದಲೇ ತಪ್ಪಿದ್ದವು. ಹಾಗಾಗಿ ನೀಲಾಂಬಿಕಾ ಬೆರಳನ್ನೇ ಲೆಕ್ಕದಿಂದ ಬಿಟ್ಟಿದ್ದಳು. ಒಮ್ಮೆ ಒತ್ತಿದ ಮೇಲೆ ಟ್ರಿಗರ್ ಬಿಟ್ಟರೂ ಒಂದೇ, ಹಿಡಿದರೂ ಒಂದೇ. ಗುಂಡು ತುಂಬುವ, ತೆಗೆಯುವ ಬೋಲ್ಟಿಗೆ ಕೂಡ ಬೀಗ ಬೀಳುತ್ತಿತ್ತು, ಸ್ವಿಚ್ಚು ಆರಿಸಿದರೂ ನಿಲ್ಲುತ್ತಿರಲಿಲ್ಲ.

"ಬೆರಳಿಗೂ ಒಂದೀಟು ಬುದ್ಧಿ ಇರ್ತೈತ್ರಿ ಮೇಡಮ್ಮಾರ," ಎಂದಿದ್ದ ದಾವಲಸಾಬ, ಮೊದಲ ದಿನವೇ.

"ಬುದ್ಧಿ ಇರೂದು ತಲ್ಯಾಗ್ರಿ. ಬೆರಳಿನ್ಯಾಗ ಇರೂದು ಬರೇ ನಡುಕ," ಎಂದು ಅವಳು ನಕ್ಕಿದ್ದಳು.

ಇಷ್ಟೆಲ್ಲ ಸಿದ್ಧತೆ ಒಂದು ಕರಡಿಗಾಗಿ. ಎರಡು ಸಾವಿರದ ಐವತ್ತೆಂಟರ ಆ ಚಳಿಗಾಲದಲ್ಲಿ ಚಿಗರಿಹಾಳದ ಬಂಡೆಗುಡ್ಡಗಳ ಕರಡಿಯೊಂದು ನಾಲ್ಕು ತಿಂಗಳಲ್ಲಿ ಮೂವರನ್ನು ಕೊಂದಿತ್ತು. ಡ್ರೋನಿನ ಗುಂಯ್‌ಗುಡುವ ಸದ್ದು ಕೇಳಿದರೆ ಗವಿ ಸೇರಿಬಿಡುತ್ತಿತ್ತು. ಅರಿವಳಿಕೆಯ ಸೂಜಿ ಹೊಡೆಯಲು ಅರವತ್ತು ಮೀಟರು ಹತ್ತಿರ ಹೋಗಬೇಕು. ಹೋದ ಇಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದರು. ದೂರದಿಂದ ಹೊಡೆಯಲು ಸರ್ಕಾರ ಆದೇಶ ಕೊಟ್ಟಿತ್ತು, ಅದರ ಅವಧಿ ಮರುದಿನ ಸಂಜೆಗೆ ಮುಗಿಯುವುದಿತ್ತು.

ಗಣಿಯಿಂದ ಹಿಂದಿರುಗಿದಾಗ ಬಿಡಾರದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಅರವತ್ತರ ಆಸುಪಾಸು; ಮೊಣಕಾಲು ಹಿಡಿದು ನಡು ಬಾಗಿತ್ತು. ಸಿದ್ಲಿಂಗವ್ವ ಎಂದು ದಾವಲಸಾಬ ಪರಿಚಯ ಹೇಳಿದ. ಕರಡಿ ಕೊಂದ ಮೂರನೆಯವನು ಇವಳ ಗಂಡ ಯಂಕೋಬಪ್ಪ. ಐದು ವಾರದ ಹಿಂದೆ, ತನ್ನದೇ ಜೋಳದ ಹೊಲದ ಬದುವಿನಲ್ಲಿ.

ಅವಳು ಅಳಲಿಲ್ಲ, ಬೈಯಲಿಲ್ಲ. ನೀಲಾಂಬಿಕಾಳ ಮೊಣಕೈ ಹಿಡಿದು, "ನೀನೇನವ್ವಾ ಆ ದುರ್ಬೀನ ಮಾಡಿದಾಕಿ? ನಾಳೆ ಅದನ್ನ ಹೊಡದ ಹೋಗಬೇಕು ನೋಡು. ಇಲ್ಲಂದ್ರ ನಾ ಆ ಹೊಲದಾಗ ಹೆಂಗ ಕಾಲಿಡ್ಲಿ?" ಎಂದಳು.

"ಹೊಡೀತೇವಿ ಯವ್ವಾ. ನನ್ನ ಮ್ಯಾಲೆ ಬಿಡು," ಎಂದಳು ನೀಲಾಂಬಿಕಾ. ಹನ್ನೆರಡು ಗಡಿಗೆ ಒಡೆದ ಸಂಜೆ. ಮಾತು ಧಾರಾಳವಾಗಿಯೇ ಬಂತು.

ಮರುದಿನ ಎಳ್ಳಮಾವಾಸ್ಯೆ. ಉತ್ತರದ ಆ ಸೀಮೆಯಲ್ಲಿ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು, ಮಾಡಿದ ಅಡುಗೆಯನ್ನೆಲ್ಲ ಕಲಸಿ ನಿಂತ ಪೈರಿನ ಸುತ್ತ ಎರಚಿಕೊಂಡು ಬರುವ ಶಾಸ್ತ್ರ ಅದು. ಕರಡಿ ಬರುವುದು ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ. ಆದ್ದರಿಂದ ಹೊತ್ತು ನೆತ್ತಿಗೆ ಬರುವವರೆಗೆ ಯಾರೂ ಹೊಲಕ್ಕೆ ಇಳಿಯಬಾರದು, ಚರಗ ಮಧ್ಯಾಹ್ನದ ಮೇಲೆ ಆಗಲಿ ಎಂದು ಹಿಂದಿನ ದಿನವೇ ಊರಲ್ಲಿ ಮೈಕು ಕೂಗಿಸಿದ್ದರು. ಹಿರಿಯರು ಗೊಣಗಿದರು, ಒಪ್ಪಿದರು.

ಬೆಳಿಗ್ಗೆ ಏಳಕ್ಕೇ ಗುಡ್ಡದ ನೆತ್ತಿಯಲ್ಲಿ ಮುಕ್ಕಾಲಿಯನ್ನು ಬಂಡೆಗೆ ಮೊಳೆ ಹೊಡೆದು ಬಿಗಿದಾಗಿತ್ತು. ಕೆಳಗೆ ಕೊಳ್ಳ, ಕೊಳ್ಳದಾಚೆ ಎರೆಹೊಲಗಳು, ಆಳೆತ್ತರ ನಿಂತ ಹಾಲುತೆನೆಯ ಜೋಳ. ಗುಡ್ಡದ ಬುಡದಲ್ಲಿ ರೇಂಜರ್ ಜೀಪಿನೊಳಗೆ ಕಾಯುತ್ತಿದ್ದ. ನೀಲಾಂಬಿಕಾ ತೊಡೆಯ ಮೇಲೆ ಪರದೆಯಿಟ್ಟುಕೊಂಡು ಕುಳಿತಳು. ಗಾಳಿಗಣ್ಣು ಕಂಡದ್ದೆಲ್ಲ ಅದರಲ್ಲಿ ಕಾಣುತ್ತಿತ್ತು.

ಎಂಟೂವರೆಯಾಯಿತು, ಒಂಬತ್ತಾಯಿತು. ಗಾಳಿ ಬೀಸಿ ಬೀಸಿ ನಿಲ್ಲುತ್ತಿತ್ತು. ಒಂಬತ್ತೂ ಹತ್ತಕ್ಕೆ ದಾವಲಸಾಬ ಉಸಿರು ಹಿಡಿದ.

ಜೋಳದ ಅಂಚಿನಲ್ಲಿ ಕಪ್ಪನೆಯದೊಂದು ಅಲುಗಿತು. ಜೂಲು ಕೂದಲಿನ ಬೆನ್ನು, ತಗ್ಗಿದ ತಲೆ, ಓಲಾಡುವ ನಿಧಾನ ನಡಿಗೆ. ತೆನೆಗಳ ನಡುವೆ ಮರೆಯಾಗಿ ಮತ್ತೆ ಕಂಡಿತು. ಪರದೆಯ ಮೇಲೆ ಅಕ್ಷರ ಮೂಡಿತು: ಕರಡಿ, ನೂರಕ್ಕೆ ತೊಂಬತ್ತಾರು.

"ಬಂತು," ಎಂದು ಪಿಸುಗುಟ್ಟಿದಳು ನೀಲಾಂಬಿಕಾ. "ಒತ್ತಿಬಿಡ್ರಿ."

"ಸ್ವಲ್ಪ ತಡೀರಿ. ಬರೇ ಬೆನ್ನ ಕಾಣಾಕ ಹತ್ತೈತಿ. ಮಾರಿ ನೋಡೂಣು."

"ಗವಿ ಸೇರಿದ್ರ ಮುಗೀತು, ಇವತ್ತ ಕಡೀ ದಿನ. ನಿಮ್ಮ ಕಣ್ಣಿಗಿಂತ ಅದು ಚಲೋ ನೋಡ್ತದ. ಒತ್ರಿ ದಾವಲಸಾಬರ!"

ದಾವಲಸಾಬ ಒತ್ತಿದ. ಬೋಲ್ಟಿನ ಬೀಗ ಕಟಕ್ಕೆಂದಿತು. ಪರದೆಯ ಮೂಲೆಯಲ್ಲಿ ನೂರ ಇಪ್ಪತ್ತು ಎಂಬ ಅಂಕಿ ಮೂಡಿ ಇಳಿಯತೊಡಗಿತು. ಗುರಿಯ ಸುತ್ತ ಕೆಂಪು ಉಂಗುರ. ಗಾಳಿ ತಣಿದಂತೆ ಅದು ಹಸಿರಾಗುತ್ತದೆ, ಪೂರ್ತಿ ಹಸಿರಾದ ಗಳಿಗೆಗೆ ಗುಂಡು.

ನೂರ ಎಂಟು. ಉಂಗುರದ ಕಾಲುಭಾಗ ಹಸಿರಾಗಿ, ಗಾಳಿ ಬೀಸಿದ್ದರಿಂದ ಮತ್ತೆ ಕೆಂಪಾಯಿತು. ಕಪ್ಪು ಆಕೃತಿ ಜೋಳದಿಂದ ಬದುವಿಗೆ ಬಂತು. ಅದರ ಬಲಮಗ್ಗುಲಿನಿಂದ ಏನೋ ಹೊರಬಂದು, ಅರ್ಧ ಸುತ್ತು ಬೀಸಿ, ಮತ್ತೆ ಒಳಗೆ ಹೋಯಿತು. ಎರಡು ಹೆಜ್ಜೆ ಇಟ್ಟ ಮೇಲೆ ಮತ್ತೊಮ್ಮೆ ಬೀಸಿತು.

"ಯಾ ಅಲ್ಲಾ," ಎಂದ ದಾವಲಸಾಬ. "ಕರಡಿ ಅಲ್ರೀ ಅದು. ಕೈ ಅದು! ಚರಗ ಚೆಲ್ಲಾಕ ಹತ್ಯಾರ!"

ನೀಲಾಂಬಿಕಾಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಕರಿ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು, ಬಗಲಲ್ಲಿ ಬುಟ್ಟಿ ಹಿಡಿದು, ನಡು ಬಾಗಿಸಿ ನಡೆಯುತ್ತಿದ್ದ ಮನುಷ್ಯಜೀವ ಅದು. ನೀಲಾಂಬಿಕಾಳ ಅಜ್ಜನೂ ಹೀಗೇ ಕೊಪ್ಪೆ ಹಾಕಿಯೇ ಚರಗ ಚೆಲ್ಲುತ್ತಿದ್ದ. ಅವಳೇ ಚಿಕ್ಕಂದಿನಲ್ಲಿ ಹಿಂದೆ ಹಿಂದೆ ನೀರು ಚಿಮುಕಿಸುತ್ತ ಹೋಗಿದ್ದಳು. ಯಂತ್ರಕ್ಕೆ ಹತ್ತು ಲಕ್ಷ ಚಿತ್ರ ತೋರಿಸಿ ಇದು ಕರಡಿ, ಇದು ಮನುಷ್ಯ ಎಂದು ಕಲಿಸುವಾಗ ಅವಳಿಗೆ ಕಂಬಳಿ ನೆನಪಾಗಿರಲಿಲ್ಲ.

ತೊಂಬತ್ತೇಳು.

ದಾವಲಸಾಬ ಬಂದೂಕಿಗೆ ಹೆಗಲು ಕೊಟ್ಟು ನೂಕಿದ. ಮೋಟಾರು ಗುರ್ ಎಂದು, ಹಟಮಾರಿ ಎಮ್ಮೆಯ ಹಾಗೆ, ನಳಿಗೆಯನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿತು. ನೀಲಾಂಬಿಕಾ ಫೋನಿನಲ್ಲಿ ಕಿರುಚಿದಳು. ಕೆಳಗೆ ರೇಂಜರ್ ಜೀಪಿನ ಹಾರನ್ನು ಒತ್ತಿ ಹಿಡಿದ; ಅದು ಕೊಳ್ಳ ತುಂಬಾ ಬೊಬ್ಬೆ ಹೊಡೆಯಿತು. ಬದುವಿನ ಮೇಲಿನ ಜೀವ ತಲೆ ಎತ್ತಲಿಲ್ಲ.

"ತಿರುಗಿ ನೋಡೂದಿಲ್ರಿ ಅವರು! ಚರಗ ಹಿಡದ ಮ್ಯಾಲೆ ಯಾರು ಕರದ್ರೂ ಓ ಅನ್ನಂಗಿಲ್ಲ!" ಎಂದು ದಾವಲಸಾಬ ಹೆಗಲ ಮೇಲಿನ ಟವೆಲ್ಲು ತೆಗೆದು ದುರ್ಬೀನಿನ ಕಣ್ಣಿಗೆ ಕಟ್ಟಹೊರಟ.

"ಬ್ಯಾಡ! ಮುಚ್ಚಬ್ಯಾಡ್ರಿ! ಮುಚ್ಚಿದ್ರ ಕಡೀಕ ಕಂಡ ಲೆಕ್ಕದ ಮ್ಯಾಲೆ ಹೊಡದ ಬಿಡ್ತದ." ನಡುವೆ ಹುಲ್ಲೋ ಕೊಂಬೆಯೋ ಅಡ್ಡ ಬಂದರೆ ಬೇಟೆ ಕೈತಪ್ಪಬಾರದೆಂದು ಆ ಜಾಣತನ ಮಾಡಿದವಳೂ ಅವಳೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ್ದನ್ನು ಹಿಂದಕ್ಕೆ ಪಡೆಯದ ಯಂತ್ರವನ್ನು ಅವಳು ಐದು ವರ್ಷ ಕಷ್ಟಪಟ್ಟು ಕಟ್ಟಿದ್ದಳು.

ಎಂಬತ್ತೆರಡು. ಉಂಗುರ ಅರ್ಧ ಹಸಿರು.

ಈ ಯಂತ್ರ ಯಾವುದಕ್ಕೆ ಹೆದರುತ್ತದೆ? ಅವಳ ತಲೆಯಲ್ಲಿ ಅದೊಂದೇ ಪ್ರಶ್ನೆ ಉಳಿಯಿತು. ಕತ್ತಲೆಗೆ ಹೆದರುವುದಿಲ್ಲ, ಸದ್ದಿಗೆ ಹೆದರುವುದಿಲ್ಲ. ಅದಕ್ಕಿರುವ ಹೆದರಿಕೆ ಒಂದೇ, ಲೆಕ್ಕಕ್ಕೆ ಸಿಗದ ಗಾಳಿ. ಅವಳ ಕಣ್ಣು ಬಂದೂಕಿನ ಬುಡದ ದಿಂಬಿನ ಮೇಲೆ ಬಿತ್ತು.

"ಹೊಟ್ಟು! ದಾವಲಸಾಬರ, ಚೀಲ ಹರೀರಿ! ಅದರ ಕಣ್ಣ ಮುಂದ ತೂರ್ರಿ!"

ದಾವಲಸಾಬ ಮರುಪ್ರಶ್ನೆ ಕೇಳಲಿಲ್ಲ. ಚೀಲ ಎಳೆದು ಹಲ್ಲಿನಿಂದ ಹರಿದು, ಬೊಗಸೆ ತುಂಬ ಹೊಟ್ಟನ್ನು ದುರ್ಬೀನಿನ ಮುಂದೆ ಮೇಲಕ್ಕೆ ಎರಚಿದ, ಕಣದಲ್ಲಿ ನಿಂತು ರಾಶಿ ತೂರುವವನ ಹಾಗೆ. ಹೊಟ್ಟು ಗಿರಗಿರ ಸುತ್ತಿ, ಹೊಳೆದು, ಅತ್ತಿತ್ತ ಚದುರಿತು. ಗಾಳಿಗಣ್ಣಿಗೆ ನಲವತ್ತು ಕಡೆಯಿಂದಲ್ಲ, ನಾಲ್ಕು ಸಾವಿರ ಕಡೆಯಿಂದ ಬೆಳಕು ಹಿಂದಿರುಗಿತು. ಒಂದು ಕಣ ಮೂಡಲಕ್ಕೆ, ಇನ್ನೊಂದು ಪಡುವಲಕ್ಕೆ. ಬಿರುಗಾಳಿ ಎದ್ದಿದೆ ಎಂದು ಅದು ತಿಳಿಯಿತು. ಉಂಗುರ ಪೂರ್ತಿ ಕೆಂಪಾಯಿತು.

"ಒಮ್ಮೆಗೇ ಚೆಲ್ಲಬ್ಯಾಡ್ರಿ, ಸ್ವಲ್ಪ ಸ್ವಲ್ಪ. ಇನ್ನೂ ಎಪ್ಪತ್ತ ಸೆಕೆಂಡ ಅದ!"

ಇಬ್ಬರೂ ತೂರಿದರು. ಅವನೊಂದು ಹಿಡಿ, ಅವಳೊಂದು ಹಿಡಿ. ಹೊಟ್ಟು ಕಣ್ಣಿಗೆ ಬಿತ್ತು, ಮೂಗಿಗೆ ಹೋಯಿತು, ಕೊರಳಲ್ಲಿ ಅಂಟಿ ತುರಿಸಿತು. ಕೊಳ್ಳದಾಚೆ ಆ ಬಾಗಿದ ಜೀವ ಲೋಕದ ಗೊಡವೆಯೇ ಇಲ್ಲದೆ ಎರಡು ಹೆಜ್ಜೆಗೊಮ್ಮೆ ನಿಂತು ಅನ್ನ ಎರಚುತ್ತಿತ್ತು. ನಲವತ್ತು. ಇಪ್ಪತ್ತೆಂಟು. ಗಾಳಿ ಪೂರ್ತಿ ನಿಂತುಹೋಯಿತು. ಇಂಥ ತಣ್ಣನೆಯ ಗಳಿಗೆಗಾಗಿಯೇ ಅವಳು ಬೆಳಿಗ್ಗೆಯಿಂದ ಹಾರೈಸಿದ್ದಳು.

ಹದಿನಾಲ್ಕಕ್ಕೆ ಚೀಲ ಬರಿದಾಯಿತು.

ಕೊನೆಯ ಹೊಟ್ಟು ನೆಲಕ್ಕಿಳಿಯುತ್ತಿದ್ದಂತೆ ಉಂಗುರ ಬುಡದಿಂದ ಹಸಿರಾಗತೊಡಗಿತು. ದಾವಲಸಾಬ ನಳಿಗೆಯ ಮುಂದೆ ಎದೆಯೊಡ್ಡಿ ನಿಲ್ಲಲು ಹೊರಟಿದ್ದನ್ನು ಕಂಡು ನೀಲಾಂಬಿಕಾ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ಬಂಡೆಯ ಸಂದಿಯಲ್ಲಿ ಒಣಮಣ್ಣು ಇತ್ತು. ಅವಳು ಮಂಡಿಯೂರಿ ಎರಡೂ ಕೈಯಿಂದ ಅದನ್ನು ಕೆರೆದಳು, ಎರಚಿದಳು, ಮತ್ತೆ ಕೆರೆದಳು. ಉಗುರು ಕಿತ್ತು ರಕ್ತ ಬಂದದ್ದು ತಿಳಿಯಲಿಲ್ಲ. ಏಳು. ಐದು. ಮುಕ್ಕಾಲು ಹಸಿರು, ಮತ್ತೆ ಅರ್ಧ. ಮೂರು.

ಕಟಕ್.

ಬೋಲ್ಟಿನ ಬೀಗ ತೆರೆದ ಸದ್ದು ಅದು. ಪರದೆಯ ಮೇಲೆ 'ಅವಧಿ ಮುಗಿಯಿತು' ಎಂದು ಬಂತು. ದಾವಲಸಾಬ ಬೋಲ್ಟು ಎಳೆದು ಗುಂಡನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡು, ಅಲ್ಲೇ ಕುಸಿದು ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಏದುಸಿರು ಬಿಡುತ್ತ ಸಿದ್ಲಿಂಗವ್ವನೇ ಗುಡ್ಡ ಹತ್ತಿ ಬಂದಳು. ಬಗಲಲ್ಲಿ ಬುಟ್ಟಿ ಇತ್ತು.

"ಮುಂಜಾನಿಂದ ಉಪಾಸ ಕುಂತೀರಿ ಅಂತ ಬುತ್ತಿ ತಂದೆ. ಸಜ್ಜಿ ರೊಟ್ಟಿ ಐತಿ, ಪುಂಡಿ ಪಲ್ಯ ಐತಿ. ಯಾಕಪಾ ದಾವಲಾ, ಆ ಜೀಪಿನಾವ ಅಷ್ಟ್ಯಾಕ ಒದರಿಸಿದ?"

"ಹೊಲಕ್ಕ ಇಳೀಬ್ಯಾಡ್ರಿ ಅಂತ ಹೇಳಿದ್ವಿಲ್ಲಬೇ ನಿನಗ?" ದಾವಲಸಾಬ ಕೇಳಿದ.

"ಹೇಳಿದ್ರಿ. ನಮ್ಮ ಮನ್ಯಾಗ ಹೊತ್ತ ಏರೂದ್ರಾಗ ಚರಗ ಆಗಬೇಕು. ಆ ಮನಷ್ಯಾ ಒಂದ ವರ್ಷಾನೂ ತಪ್ಪಿಸಿದಾವಲ್ಲ. ಈ ಸಲ ಅಂವ ಇಲ್ಲ ಅಂತ ಭೂಮ್ತಾಯಿ ಹಸದಿರಬೇಕೇನು? ಹೆದರಿಕಿ ಆತು, ಖರೆ. ಅವನ ಕಂಬಳಿ ಹೊತ್ತಗೊಂಡೆ, ಧೈರ್ಯ ಬಂತು. ಮ್ಯಾಲೆ ನೀವು ಕುಂತೀರಲ್ಲ, ಕರಡಿ ಬಂದ್ರ ನೋಡ್ಕೋತೀರಿ ಅಂತ ಹ್ವಾದೆ."

ಹೇಳದೆ ಬಿಟ್ಟಿದ್ದರೆ ಅವಳಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ನೀಲಾಂಬಿಕಾ ಒಂದು ಗಳಿಗೆ ಹಾಗೆಯೇ ಯೋಚಿಸಿದಳು, ಯೋಚಿಸಿದ್ದಕ್ಕೆ ನಾಚಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಒತ್ತಿರಿ ಎಂದವಳು ತಾನೇ ಎಂಬುದನ್ನೂ ಬಿಡಲಿಲ್ಲ. ಹೇಳುವಾಗ ಕಣ್ಣೀರು ಇಳಿದು ಹೊಟ್ಟಿನ ಧೂಳಿನ ಮೇಲೆ ಗೆರೆ ಕೊರೆಯಿತು.

ಸಿದ್ಲಿಂಗವ್ವ ಮೊಣಕಾಲು ಹಿಡಿದುಕೊಂಡು ಬಂದೂಕಿನ ಹತ್ತಿರ ಬಾಗಿ ದುರ್ಬೀನಿಗೆ ಕಣ್ಣಿಟ್ಟಳು. ಬದುವಿನ ಮೇಲೆ ಅವಳು ಮಡಿಸಿಟ್ಟು ಬಂದಿದ್ದ ಕಂಬಳಿ ಕಂಡಿತು, ಅದರ ಅಂಚಿನ ಕೆಂಪು ದಾರ ಕಂಡಿತು, ಎರೆಮಣ್ಣಿನ ಮೇಲೆ ಬಿದ್ದ ಅನ್ನದ ಅಗುಳು ಕೂಡ ಕಂಡಿತು.

"ಎಷ್ಟ್ ಚಂದ ಕಾಣತೈತವ್ವಾ," ಎಂದಳು ಕಣ್ಣು ತೆಗೆಯದೆ. "ಇಷ್ಟ್ ಕಂಡ್ರೂ ನಾ ಅಂತ ಗೊತ್ತಾಗಲಿಲ್ಲೇನು?"

ಅವಳು ಕೊಟ್ಟ ರೊಟ್ಟಿ ನೀಲಾಂಬಿಕಾಳ ಕೈಯಲ್ಲೇ ಉಳಿಯಿತು.

ಆದೇಶದ ಅವಧಿಯನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿದರು. ಅಷ್ಟರೊಳಗೆ ನೀಲಾಂಬಿಕಾ ಬೀಗ ಕಿತ್ತುಹಾಕಿ, ಮೋಟಾರು ಬಿಚ್ಚಿಟ್ಟು, ಟ್ರಿಗರನ್ನು ಬೆರಳಿಗೆ ಹಿಂದಿರುಗಿಸಿದ್ದಳು. ಗಾಳಿ ಎಷ್ಟಿದೆ, ಗುಂಡು ಎಷ್ಟು ಇಳಿಯುತ್ತದೆ ಎಂದು ಹೇಳುವುದಷ್ಟೇ ಈಗ ದುರ್ಬೀನಿನ ಕೆಲಸ. ಒಂಬತ್ತನೆಯ ಬೆಳಿಗ್ಗೆ ಕರಡಿ ಅದೇ ಬದುವಿಗೆ ಬಂತು. ದಾವಲಸಾಬ ನಾಲ್ಕು ಸಲ ಬೆರಳಿಟ್ಟು ನಾಲ್ಕು ಸಲ ತೆಗೆದ. ಐದನೆಯ ಸಲ, ಅದು ಹಿಂಗಾಲ ಮೇಲೆ ನಿಂತು ಮುಖ ತೋರಿಸಿದ ಮೇಲೆ, ಹೊಡೆದ. ಆ ಸಂಜೆ ಸಿದ್ಲಿಂಗವ್ವ ಹೊಲಕ್ಕೆ ಒಬ್ಬಳೇ ಹೋಗಿ ಬಂದಳು.

ಬೆಂಗಳೂರಿನ ಸಮಿತಿಯವರಿಗೆ ಇದು ಹಿಡಿಸಲಿಲ್ಲ. "ದೋಷ ಸಣ್ಣದು ಡಾಕ್ಟರೇ. ಕಂಬಳಿಯ ಚಿತ್ರ ಐದು ಸಾವಿರ ಸೇರಿಸಿದರೆ ಆಯಿತಲ್ಲ? ಅದಕ್ಕೋಸ್ಕರ ಇಂಥ ಯಂತ್ರವನ್ನೇ ಕುಂಟು ಮಾಡುವುದೇ? ಅಂದು ಅದು ಹೊಡೆದಿದ್ದರೆ ಗುರಿ ತಪ್ಪುತ್ತಿತ್ತೇ?"

"ತಪ್ಪುತ್ತಿರಲಿಲ್ಲ," ಎಂದಳು ನೀಲಾಂಬಿಕಾ. "ನನಗೆ ನಿದ್ದೆ ಬಾರದಿರುವುದು ಅದಕ್ಕೇ. ಕಂಬಳಿ ಸೇರಿಸಬಹುದು ಸಾರ್. ನಾಳೆ ಗೋಣಿಚೀಲ ಹೊದ್ದವರು ಬರುತ್ತಾರೆ. ನನಗೆ ನೆನಪಾಗದ್ದು ಇನ್ನೂ ಏನೇನಿದೆಯೋ, ಅದರ ಚಿತ್ರ ಎಲ್ಲಿಂದ ತರಲಿ?"

ಅವರು ಅವಳ ಮುಂದೆ ವರದಿಯ ನಮೂನೆ ತಳ್ಳಿದರು. ಹಾರಿಸಿದ ಗುಂಡು, ತಗುಲಿದ್ದು, ತಪ್ಪಿದ್ದು ಎಂದು ಮೂರು ಕಾಲಮುಗಳಿದ್ದವು. ಎಷ್ಟೋ ವರ್ಷದಿಂದ, ಎಲ್ಲ ಕಚೇರಿಗಳಲ್ಲೂ, ಆ ಮೂರೇ. ನೀಲಾಂಬಿಕಾ ಪೆನ್ನು ತೆಗೆದು ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ 'ಹೊಡೆಯದೆ ಬಿಟ್ಟದ್ದು' ಎಂದು ಬರೆದಳು. ಅದರ ಕೆಳಗೆ ಏನನ್ನೂ ತುಂಬಲಿಲ್ಲ. ಕಾಗದವನ್ನು ಮಡಿಸಿ ಚಿಗರಿಹಾಳಕ್ಕೆ ಕಳಿಸಿದಳು.

ಎಂಟು ದಿನಕ್ಕೆ ಅದು ಹಿಂದಿರುಗಿತು. ಹೊಸ ಕಾಲಮಿನಲ್ಲಿ ದಾವಲಸಾಬ ಅಂಕಿ ಬರೆದಿರಲಿಲ್ಲ. ತನ್ನ ಒರಟು ಅಕ್ಷರದಲ್ಲಿ ಹೆಸರು ಬರೆದಿದ್ದ: ಸಿದ್ಲಿಂಗವ್ವ.